ಮರಳಿ ಬಂದ ಮಕ್ಕಳ ಮನಸ್ಸನ್ನು ಕೇಳುವವರು ಯಾರು?

2017ರ ಜುಲೈ 1ರಿಂದ ಸೌದಿ ಅರೇಬಿಯವು ತನ್ನ ನೆಲದಲ್ಲಿ ದುಡಿಯುವ ವಿದೇಶೀಯರ ಅವಲಂಬಿತರ ಮೇಲೆ ಶುಲ್ಕವೊಂದನ್ನು ಜಾರಿಗೊಳಿಸಿತು. ಪತ್ನಿಗೆ ತಿಂಗಳಿಗೆ 100 ರಿಯಾಲ್. ಪ್ರತಿ ಮಗುವಿಗೂ 100 ರಿಯಾಲ್. ಮರುವರ್ಷ ಅದು 200 ಆಯಿತು, ಅದರ ಮರುವರ್ಷ 300, 2020ರ ಜುಲೈಯಲ್ಲಿ 400. ಪತ್ನಿ ಮತ್ತು ಮೂವರು ಮಕ್ಕಳೊಂದಿಗೆ ಅಲ್ಲಿ ನೆಲೆಸಿದ್ದ ವ್ಯಕ್ತಿಯೋರ್ವ ಮೊದಲ ವರ್ಷ ಕಟ್ಟಬೇಕಾಗಿದ್ದುದು 4,800 ರಿಯಾಲ್. 400ರ ದರ ಬಂದಾಗ ಅದೇ ಕುಟುಂಬದ ವಾರ್ಷಿಕ ಹೊರೆ 19,200 ರಿಯಾಲ್‌ಗೆ ಏರಿತು. ಅದಕ್ಕಿಂತ ಮೊದಲೇ, 2016ರಲ್ಲಿ, ಮೊಬೈಲ್ ಅಂಗಡಿಗಳ ಉದ್ಯೋಗವನ್ನು ಸ್ವದೇಶೀಯರಿಗೆ ಮೀಸಲಿಡಲಾಗಿತ್ತು. 2018ರ ಸೆಪ್ಟೆಂಬರ್‌ನಿಂದ ಬಟ್ಟೆ, ಪಾತ್ರೆ, ಪೀಠೋಪಕರಣಗಳಂಥ ಚಿಲ್ಲರೆ ವ್ಯಾಪಾರಗಳೂ ಆ ಪಟ್ಟಿಗೆ ಸೇರತೊಡಗಿದವು. ಕರಾವಳಿಯ ನಮ್ಮವರಲ್ಲಿ ಎಷ್ಟೋ ಮಂದಿ ಬದುಕು ಕಟ್ಟಿಕೊಂಡಿದ್ದುದೇ ಇಂತಹ ಅಂಗಡಿಗಳಲ್ಲಿ.

ಆ ದಿನಗಳಲ್ಲಿ ಜಿದ್ದಾ, ರಿಯಾದ್, ದಮ್ಮಾಮ್, ಜುಬೈಲ್‌ಗಳ ಫ್ಲ್ಯಾಟುಗಳಲ್ಲಿ ರಾತ್ರಿ ಊಟದ ಬಳಿಕ ಒಂದೇ ಲೆಕ್ಕ ನಡೆಯುತ್ತಿತ್ತು. ಬಾಡಿಗೆಯೆಷ್ಟು, ಶಾಲೆಯ ಫೀಸೆಷ್ಟು, ಇಖಾಮಾದ ಖರ್ಚೆಷ್ಟು, ಊರಿನಲ್ಲಿದ್ದರೆ ಎಷ್ಟು ಉಳಿಯುತ್ತದೆ? ಲೆಕ್ಕ ಮುಗಿದಾಗ ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು: ಪತ್ನಿ, ಮಕ್ಕಳಿಗೆ ಎಕ್ಸಿಟ್. ಮನೆಯ ಸಾಮಾನು ಕಾರ್ಗೋ ಪೆಟ್ಟಿಗೆಗೆ, ಯಜಮಾನ ಬ್ಯಾಚುಲರ್ ರೂಮಿಗೆ, ಮಕ್ಕಳು ಊರಿಗೆ.

ಈ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅನಿವಾರ್ಯವಾಗಿ ಮಾಡಿದ ಲೆಕ್ಕವದು. ಆದರೆ ಅದರಲ್ಲಿ ಒಂದು ಕಲಮು ಬಿಟ್ಟುಹೋಗಿತ್ತು. ಜಿದ್ದಾದಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಅಕ್ಷರ ಕಲಿತು, ಅಲ್ಲಿಯ ಗೆಳೆಯರೊಂದಿಗೆ ಬೆಳೆದ ಹನ್ನೆರಡರ ಹುಡುಗನಿಗೋ ಒಂಬತ್ತರ ಹುಡುಗಿಗೋ ಈ ಪ್ರಯಾಣ ಏನು ಮಾಡುತ್ತದೆ ಎಂಬ ಕಲಮು. ಹೆತ್ತವರು ಅದನ್ನು ಬರೆಯಲಿಲ್ಲ. ಊರಿನಲ್ಲಿ ಅವರನ್ನು ಎದುರುಗೊಂಡ ನಾವೂ ಬರೆಯಲಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. 1970ರ ದಶಕದಲ್ಲಿ ತೈಲದ ಬೆಲೆ ಏರಿ ಅಲ್ಲಿ ಕೆಲಸಗಳು ತೆರೆದುಕೊಂಡಾಗ ಮಂಗಳೂರು, ಉಡುಪಿ, ಭಟ್ಕಳದ ಯುವಕರು ಒಬ್ಬೊಬ್ಬರಾಗಿ ಹೊರಟರು. ಆಗ ಹೋದವರು ಹೆಚ್ಚಾಗಿ ಗಂಡಸರು ಮಾತ್ರ. ಕ್ರಮೇಣ ಸಂಬಳ ಏರಿದವರು, ಅಂಗಡಿ ಇಟ್ಟವರು ಕುಟುಂಬವನ್ನೂ ಕರೆಸಿಕೊಂಡರು. ಹಾಗೆ ಅಲ್ಲೊಂದು ಹೊಸ ಪೀಳಿಗೆ ಬೆಳೆಯಿತು. ಅವರ ಪಾಸ್‌ಪೋರ್ಟ್ ಭಾರತದ್ದು, ಆದರೆ ಅವರ ನೆನಪುಗಳೆಲ್ಲ ಕೊಲ್ಲಿಯವು. ಯುರೋಪು, ಅಮೆರಿಕಗಳಿಗೆ ವಲಸೆ ಹೋದವರ ಮಕ್ಕಳಿಗೆ ಒಂದಲ್ಲ ಒಂದು ದಿನ ಆ ದೇಶದ ಪೌರತ್ವ ಸಿಕ್ಕೀತೆಂಬ ನಿರೀಕ್ಷೆಯಾದರೂ ಇರುತ್ತದೆ. ಕೊಲ್ಲಿಯಲ್ಲಿ ಹುಟ್ಟಿದ ಭಾರತೀಯ ಮಗುವಿಗೆ ಆ ನಿರೀಕ್ಷೆಯಿಲ್ಲ. ಅದರ ವಾಸದ ಪರವಾನಿಗೆ ತಂದೆಯ ನೌಕರಿಯ ಬಾಲಕ್ಕೆ ಕಟ್ಟಿರುತ್ತದೆ. ನೌಕರಿ ಹೋದರೆ ಮಗುವಿನ ಊರೂ ಹೋಗುತ್ತದೆ. ಯು.ಎ.ಇ.ಯಲ್ಲಿ 2022ರ ಅಕ್ಟೋಬರ್‌ವರೆಗೂ ಗಂಡುಮಗನಿಗೆ 18 ತುಂಬಿದೊಡನೆ ತಂದೆಯ ಪ್ರಾಯೋಜನದ ಪ್ರಶ್ನೆ ಏಳುತ್ತಿತ್ತು. ಆ ತಿಂಗಳಿನಿಂದಷ್ಟೇ ಮಿತಿಯನ್ನು 25ಕ್ಕೆ ಏರಿಸಲಾಯಿತು. ಹುಟ್ಟಿದ ಊರಿನಲ್ಲೇ ಅತಿಥಿಯಾಗಿ ಬೆಳೆಯುವುದೆಂದರೆ ಇದು.

ಅಲ್ಲಿಯ ಬದುಕು ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಎರಡು ಕೋಣೆಯ ಫ್ಲ್ಯಾಟು, ಮುಂಜಾನೆಯೇ ಬರುವ ಶಾಲಾ ಬಸ್ಸು, ಬೇಸಗೆಯಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ಸೌದಿಯಲ್ಲಿ 2018ರ ಜೂನ್‌ವರೆಗೆ ಮಹಿಳೆಯರಿಗೆ ವಾಹನ ಚಲಾಯಿಸುವ ಅವಕಾಶವೇ ಇರಲಿಲ್ಲ. ಪತಿ ಕೆಲಸದಿಂದ ಮರಳುವವರೆಗೆ ತಾಯಿ, ಮಕ್ಕಳು ನಾಲ್ಕು ಗೋಡೆಗಳ ಮಧ್ಯೆ. ಆ ಒಂಟಿತನದಲ್ಲಿ ತಾಯಂದಿರು ಕುಗ್ಗಿದ್ದಿದೆ, ಮಕ್ಕಳು ಮೊಬೈಲು, ಟಿ.ವಿ.ಗಳ ಪಾಲಾದದ್ದಿದೆ. ಊರಿನವರಿಗೆ ಕಾಣಿಸುತ್ತಿದ್ದುದು ಮಾತ್ರ ರಜೆಯಲ್ಲಿ ಬರುವಾಗಿನ ಪೆಟ್ಟಿಗೆಗಳು ಮತ್ತು ಅತ್ತರಿನ ಪರಿಮಳ. ಅಷ್ಟಾದರೂ ಅದು ಆ ಮಗುವಿನ ಲೋಕ. ಮೂರನೇ ಮಹಡಿಯ ಕಿಟಕಿ, ಎದುರಿನ ಬಖಾಲಾದ ಮುದುಕ, ಬಸ್ಸಿನಲ್ಲಿ ಪಕ್ಕದ ಸೀಟಿನ ಮಲಯಾಳಿ ಗೆಳೆಯ, ವಾರಾಂತ್ಯದ ಸಂಜೆಯ ಕಡಲ ದಂಡೆ, ಇವೆಲ್ಲ ಸೇರಿ ಅದರ ಪಾಲಿಗೆ 'ಊರು' ಎಂಬ ಪದಕ್ಕೆ ಅರ್ಥ ಹುಟ್ಟಿತ್ತು. ನಾವು ಯಾವುದನ್ನು 'ಊರಿಗೆ ಮರಳುವುದು' ಎನ್ನುತ್ತೇವೋ ಅದು ತಂದೆತಾಯಿಯರ ಪಾಲಿಗೆ ಮರಳುವಿಕೆ. ಮಗುವಿನ ಪಾಲಿಗೆ ಅದು ಊರು ಬಿಟ್ಟು ಹೋಗುವುದು. ಮಗುವಿನ ದೃಷ್ಟಿಯಲ್ಲಿ ನಿಜವಾದ ವಲಸೆ ಆರಂಭವಾಗುವುದೇ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಇಳಿದ ಕ್ಷಣದಿಂದ.

ಈಗ ಒಂದು ಮನೆಯನ್ನು ಕಣ್ಣೆದುರು ತಂದುಕೊಳ್ಳಿ. ಅದು ನಿಮ್ಮ ಓಣಿಯಲ್ಲೇ ಇರಬಹುದು. ಹನ್ನೆರಡರ ಹುಡುಗನನ್ನು ಹತ್ತಿರದ ಶಾಲೆಗೆ ಸೇರಿಸಲಾಗಿದೆ. ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ, ಅರಬಿ ಅಕ್ಷರಗಳೂ ಗೊತ್ತು. ಕನ್ನಡ ಮಾತ್ರ ಬಾರದು. ರಾಜ್ಯದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ. ಅದು ಸರಿಯಾದುದೇ. ಆದರೆ ನಿನ್ನೆಯವರೆಗೆ ತರಗತಿಯಲ್ಲಿ ಮುಂದಿದ್ದ ಹುಡುಗ ಇಂದು ಒಂದನೇ ತರಗತಿಯ ಮಗುವಿನಂತೆ ಕಾಗುಣಿತ ತಿದ್ದಬೇಕು. ಸಹಪಾಠಿಗಳಿಗೆ ಅವನು 'ದುಬೈ'. ಅವನು ದುಬೈ ನೋಡಿರುವುದಿಲ್ಲ, ಆದರೂ ಅವನ ಹೆಸರು ಅದೇ. ಮನೆಯಲ್ಲಿ ಅಜ್ಜಿಯ ಮಾತು ಅರ್ಧ ತಿಳಿಯುತ್ತದೆ. ಮಳೆಗಾಲದ ಕತ್ತಲೆ, ಕರೆಂಟು ಹೋಗುವ ರಾತ್ರಿ, ಅಂಗಳದ ಜಿಗಣೆ, ಎಲ್ಲವೂ ಹೊಸತು. ಇದಕ್ಕೆಲ್ಲ ಮಿಗಿಲಾಗಿ ತಂದೆ ಜೊತೆಗಿಲ್ಲ. ಫೋನಿನಲ್ಲಿ ಅವರ ಮುಖ ಕಾಣಿಸುತ್ತದೆ, ಅವರು ಅಂಕ ಕೇಳುತ್ತಾರೆ. 'ಇನ್ನು ಮನೆಗೆ ನೀನೇ ಗಂಡಸು, ಉಮ್ಮಳನ್ನು ನೋಡಿಕೋ' ಎನ್ನುತ್ತಾರೆ. ಹನ್ನೆರಡರ ಹೆಗಲ ಮೇಲೆ ನಲ್ವತ್ತರ ಹೊರೆ ಏರುತ್ತದೆ.

ಕೆಲವು ತಿಂಗಳು ಕಳೆಯುತ್ತವೆ. ಬೆಳಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ. ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆನ್ನುತ್ತಾರೆ. ಹುಡುಗ ಮಾತು ಕಡಿಮೆ ಮಾಡುತ್ತಾನೆ. ರಾತ್ರಿ ನಿದ್ದೆಯಿಲ್ಲ, ಹಗಲು ಸಿಡುಕು. ತಂಗಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗುತ್ತಾಳೆ. ತಾಯಿ ಅಡುಗೆಮನೆಯಲ್ಲಿ ಯಾರಿಗೂ ಕಾಣದಂತೆ ಅಳುತ್ತಾಳೆ. ಬಂಧುಗಳು ತಮ್ಮ ತೀರ್ಪು ಕೊಡುತ್ತಾರೆ: 'ಗಲ್ಫಿನಲ್ಲಿ ಬೆಳೆದ ಅಹಂಕಾರ', 'ಸುಖ ಹೆಚ್ಚಾಯಿತು', 'ದೃಷ್ಟಿ ತಗಲಿದೆ', 'ಯಾರೋ ಮಾಡಿಸಿದ್ದಾರೆ'. ಬಳಿಕ ತಾಯಿತ, ನೀರು, ದೂರದ ಊರಿನ ಯಾರದೋ ವಿಳಾಸ. ಮನೋವೈದ್ಯರ ಹೆಸರೆತ್ತಿದರೆ ಮಾತ್ರ ಮನೆಯಲ್ಲಿ ಗಂಭೀರ ಮೌನ. 'ನಾಳೆ ಹುಡುಗಿಯ ಸಂಬಂಧಕ್ಕೆ ತೊಂದರೆಯಾದೀತು' ಎಂಬುದು ಆ ಮೌನದ ಅರ್ಥ.

ಆ ಹುಡುಗನಿಗೆ ಏನಾಗಿದೆ? ವಿದ್ವಾಂಸರು ಇದನ್ನು ಗುರುತಿಸಿ ದಶಕಗಳೇ ಸಂದಿವೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ 1950ರ ದಶಕದಲ್ಲಿ ಅಧ್ಯಯನಕ್ಕೆಂದು ಬಂದದ್ದು ನಮ್ಮ ಭಾರತಕ್ಕೇ. ಇಲ್ಲಿ ನೆಲೆಸಿದ್ದ ಅಮೆರಿಕನ್ನರ ಮಕ್ಕಳನ್ನು ಕಂಡು ಅವರು ಅಂಥವರನ್ನು 'ಮೂರನೇ ಸಂಸ್ಕೃತಿಯ ಮಕ್ಕಳು' ಎಂದು ಕರೆದರು. ತಂದೆತಾಯಿಯ ನಾಡಿಗೂ ಪೂರ್ತಿ ಸೇರದ, ಬೆಳೆದ ನಾಡಿಗೂ ಪೂರ್ತಿ ಸೇರದ, ಎರಡರ ನಡುವೆ ತಮ್ಮದೇ ಆದ ಲೋಕವೊಂದನ್ನು ಕಟ್ಟಿಕೊಳ್ಳುವ ಮಕ್ಕಳು. 1970ರ ದಶಕದಲ್ಲಿ ಪಾಲಿನ್ ಬಾಸ್ ಎಂಬವರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಭ್ಯಸಿಸಿದರು. ಸತ್ತ ಸುದ್ದಿಯೂ ಇಲ್ಲ, ಬರುವ ಸುದ್ದಿಯೂ ಇಲ್ಲ. ಹೀಗೆ ಮುಕ್ತಾಯವಿಲ್ಲದ ನಷ್ಟವು ಮನಸ್ಸನ್ನು ಹೇಗೆ ಹಿಂಡುತ್ತದೆಂದು ಅವರು ತೋರಿಸಿಕೊಟ್ಟರು. ಇಂತಹ ನಷ್ಟ ವಲಸೆ ಕುಟುಂಬಗಳಲ್ಲೂ ಇದೆಯೆಂಬುದು ಮುಂದೆ ಸ್ಪಷ್ಟವಾಯಿತು. ಫೋನಿನಲ್ಲಿದ್ದೂ ಮನೆಯಲ್ಲಿಲ್ಲದ ತಂದೆ, ನಕ್ಷೆಯಲ್ಲಿದ್ದೂ ಮತ್ತೆ ಕಾಲಿಡಲಾಗದ ಊರು: ಇವಕ್ಕೆ ಮಯ್ಯಿತ್ ನಮಾಝ್ ಇಲ್ಲ, ತಅ್‌ಝಿಯತ್ ಇಲ್ಲ, ಸಾಂತ್ವನ ಹೇಳಲು ಯಾರೂ ಬರುವುದಿಲ್ಲ. ಆದರೆ ದುಃಖ ಮಾತ್ರ ನೈಜವಾದುದು.

ಹಾಗೆಂದು ಮರಳಿ ಬಂದ ಪ್ರತಿಯೊಂದು ಮಗುವೂ ರೋಗಿ ಎಂದು ಭಾವಿಸುವುದು ದೊಡ್ಡ ತಪ್ಪು. ಹೊಸ ನೆಲದಲ್ಲಿ ಬೇರು ಬಿಡಲು ಸಮಯ ಬೇಕು. ಕೇಳುವ ಕಿವಿ, ಒಬ್ಬ ಗೆಳೆಯ, ಅರ್ಥ ಮಾಡಿಕೊಳ್ಳುವ ಒಬ್ಬ ಶಿಕ್ಷಕ ದೊರೆತರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಎರಡು ಮೂರು ಭಾಷೆ, ಹಲವು ನಾಡಿನವರ ಒಡನಾಟ ಮುಂದೆ ಅವರ ಬಲವೂ ಆಗುತ್ತದೆ. ಆದರೆ ಕೆಲವರು ಚೇತರಿಸಿಕೊಳ್ಳುವುದಿಲ್ಲ. ಅವರ ದುಃಖ ಖಿನ್ನತೆಯಾಗುತ್ತದೆ, ಭಯ ಕಾಯಿಲೆಯಾಗುತ್ತದೆ. ಅಲ್ಲಿ ಚಿಕಿತ್ಸೆ ಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17ರ ಹರೆಯದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ಸಮಸ್ಯೆಯಿರುವುದನ್ನು ಗುರುತಿಸಿತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯೇ ಪಡೆಯುತ್ತಿಲ್ಲ ಎಂದೂ ಹೇಳಿತು. ಇದು ಸಾಮಾನ್ಯ ಜನರ ಸ್ಥಿತಿ. ಊರು, ಗೆಳೆಯರು, ತಂದೆಯ ಸಾಮೀಪ್ಯ ಇವೆಲ್ಲವನ್ನೂ ಒಂದೇ ವಾರದಲ್ಲಿ ಕಳೆದುಕೊಂಡ ಮಗುವಿನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬೇಕು.

ಇಲ್ಲಿ ನಾವು ನಮ್ಮನ್ನೇ ಕೆಲವು ಪ್ರಶ್ನೆಗಳಿಗೆ ಒಡ್ಡಿಕೊಳ್ಳಬೇಕಾಗಿದೆ. ಮಿಂಬರ್‌ನಿಂದ, ವೇದಿಕೆಯಿಂದ, ಇಂತಹ ಪುಟಗಳಿಂದ ನಾವು ಎಷ್ಟು ಬಾರಿ 'ಈಮಾನ್ ಗಟ್ಟಿಯಾಗಿದ್ದರೆ ಮನಸ್ಸು ಕುಗ್ಗುವುದಿಲ್ಲ' ಎಂದು ಬೋಧಿಸಿಲ್ಲ? ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದೇವೆ. ಆದರೆ ಆ ಮಾತು ಮೊದಲೇ ಕುಗ್ಗಿದವರ ಕಿವಿಗೆ ಬಿದ್ದಾಗ, 'ನಿನ್ನ ಕಾಯಿಲೆಯೇ ನಿನ್ನ ಪಾಪಕ್ಕೆ ಸಾಕ್ಷಿ' ಎಂಬ ಅರ್ಥವನ್ನು ಪಡೆದುಕೊಂಡಿತು. ಇದು ಧರ್ಮದ ಮಾತೇ? ಪ್ರವಾದಿ ಯಅ್‌ಕೂಬ್(ಅ)ರು ಮಗನ ಅಗಲಿಕೆಯ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್‌ನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಚಿಕಿತ್ಸೆ ಪಡೆಯಬಹುದೇ ಎಂದು ಮರುಭೂಮಿಯ ಜನರು ಕೇಳಿದಾಗ, ಪಡೆಯಿರಿ ಎಂದೇ ಪ್ರವಾದಿ ಮುಹಮ್ಮದ್(ಸ)ರು ಉತ್ತರಿಸಿದ್ದರು. ದೇಹದ ರೋಗಕ್ಕೆ ಮಾತ್ರವೆಂದು ಅವರು ಮಿತಿ ಹಾಕಲಿಲ್ಲ.

ನಮ್ಮ ಪೂರ್ವಿಕ ವಿದ್ವಾಂಸರಿಗೆ ಇದು ಗೊತ್ತಿತ್ತು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣ ತಿಳಿಯದೆ ಆವರಿಸುವ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. ಡಮಾಸ್ಕಸ್‌ನಲ್ಲಿ 1154ರಲ್ಲಿ, ಕೈರೋದಲ್ಲಿ 1284ರಲ್ಲಿ ತಲೆಯೆತ್ತಿದ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು. ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ವೈದ್ಯನೋರ್ವ ಬರೆದಿಟ್ಟದ್ದನ್ನು ಇಂದಿನ ಮುಸ್ಲಿಮ್ ಮನೆಯೊಂದು 'ನಮ್ಮದಲ್ಲ' ಎಂದು ತಳ್ಳುತ್ತಿರುವುದು ವಿಷಾದನೀಯ. ದುಆವನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ದುಆ ಮಾಡಿ, ವೈದ್ಯರ ಬಳಿಗೂ ಹೋಗಿ. ಕಾಲು ಮುರಿದಾಗ ನಾವು ಮಾಡುವುದು ಇದನ್ನೇ ಅಲ್ಲವೇ?

ವಲಸಿಗರ ದುಃಖವನ್ನು ಹೇಗೆ ಕಾಣಬೇಕೆಂಬುದಕ್ಕೆ ಹಿಜ್‌ರತ್‌ಗಿಂತ ದೊಡ್ಡ ಪಾಠ ಬೇರಿಲ್ಲ. ಮದೀನಾಕ್ಕೆ ಬಂದಿಳಿದ ಆರಂಭದ ದಿನಗಳಲ್ಲಿ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದ್ದರು. ಬಿಲಾಲ್(ರ)ರು ಮಕ್ಕಾದ ಕಣಿವೆಗಳನ್ನು, ಅಲ್ಲಿಯ ಹುಲ್ಲನ್ನು, ನೀರಿನ ತಾಣಗಳನ್ನು ನೆನೆದು ಹಂಬಲಿಸುತ್ತಿದ್ದರು. ಯಾವ ಮಕ್ಕಾ? ಸುಡುವ ಮರಳಿನ ಮೇಲೆ ಮಲಗಿಸಿ ಎದೆಗೆ ಬಂಡೆ ಹೇರಿದ ಮಕ್ಕಾ! ಹಿಂಸೆ ಕೊಟ್ಟ ಊರಾದರೂ ಅದು ಅವರ ಊರಾಗಿತ್ತು. ಪ್ರವಾದಿಯವರು(ಸ) ಅವರನ್ನು ಗದರಿಸಲಿಲ್ಲ. ಇಲ್ಲಿ ಸುರಕ್ಷಿತರಾಗಿರುವಾಗ ಹಂಬಲವೇಕೆ ಎಂದು ಕೇಳಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ತಮಗೆ ಪ್ರಿಯವಾಗಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ಮುಹಾಜಿರ್‌ಗೆ ಒಬ್ಬ ಅನ್ಸಾರಿಯನ್ನು ಸೋದರನನ್ನಾಗಿ ಕೂಡಿಸಿದರು. ವಲಸಿಗನ ಮನಸ್ಸನ್ನು ಸಂತೈಸಲು ಉಪದೇಶವೊಂದೇ ಸಾಲದು, ಪಕ್ಕದಲ್ಲಿ ಮನುಷ್ಯನೊಬ್ಬ ಬೇಕು ಎಂಬ ತಿಳಿವು ಅದರ ಹಿಂದಿತ್ತು. ಮಕ್ಕಳ ವಿಷಯದಲ್ಲಂತೂ ಅವರ ಮಾದರಿ ಇನ್ನೂ ಹೃದ್ಯವಾದುದು. ಸಾಕಿದ ಪುಟ್ಟ ಹಕ್ಕಿ ಸತ್ತು ಬಾಡಿದ ಮುಖದಿಂದಿದ್ದ ಅಬೂ ಉಮೈರ್ ಎಂಬ ಬಾಲಕನ ಬಳಿ ಅವರು ಆ ಹಕ್ಕಿಯ ಬಗ್ಗೆಯೇ ವಿಚಾರಿಸಿ ಮಾತನಾಡಿಸಿದ್ದರು. ಒಂದು ಹಕ್ಕಿಗಾಗಿ ಅತ್ತ ಮಗುವಿನ ದುಃಖವೂ ಅವರಿಗೆ ಚಿಕ್ಕದಾಗಿ ಕಾಣಲಿಲ್ಲ. ಒಂದು ಊರನ್ನೇ ಕಳೆದುಕೊಂಡ ನಮ್ಮ ಮಕ್ಕಳ ದುಃಖ ನಮಗೆ ಅಹಂಕಾರವಾಗಿ ಕಾಣುತ್ತದೆ!

ಸರಕಾರಗಳ ಹೊಣೆಯನ್ನೂ ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ವಿದೇಶದಲ್ಲಿರುವ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 12,900 ಕೋಟಿ ಡಾಲರ್. ಜಗತ್ತಿನಲ್ಲೇ ಇದು ಮೊದಲ ಸ್ಥಾನ. ಪ್ರವಾಸಿ ಭಾರತೀಯರನ್ನು ಹೊಗಳುವ ಸಮಾರಂಭಗಳಿಗೂ ಕೊರತೆಯಿಲ್ಲ. ಸಂಕಷ್ಟದಲ್ಲಿರುವ ಅನಿವಾಸಿಗಳಿಗಾಗಿ ಕೇಂದ್ರವು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿತು. ವಿಮಾನದ ಟಿಕೇಟು, ಕಾನೂನು ನೆರವು, ತುರ್ತು ಚಿಕಿತ್ಸೆ, ಮೃತದೇಹ ಸಾಗಾಟ ಇವುಗಳಿಗೆ ಅದು ಒದಗುತ್ತದೆ. ಒಳ್ಳೆಯ ಕೆಲಸ. ಆದರೆ ಮೃತದೇಹವನ್ನು ಮನೆಗೆ ಮುಟ್ಟಿಸುವ ವ್ಯವಸ್ಥೆ ಮಾಡಿದ ನಾಡು, ಜೀವಂತವಾಗಿ ಮರಳಿದ ಮಗುವನ್ನು ಶಾಲೆಗೆ, ಭಾಷೆಗೆ, ಬದುಕಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಯೋಚಿಸಬೇಡವೇ? 2020ರ ಮೇ 7ರಿಂದ 'ವಂದೇ ಭಾರತ್' ವಿಮಾನಗಳು ಹಾರಿದವು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂತು. ಇಳಿದವರ ದೇಹದ ಉಷ್ಣತೆಯನ್ನು ಅಳೆದು ಕ್ವಾರಂಟೈನ್‌ಗೆ ಕಳುಹಿಸಲಾಯಿತು. ಕೆಲಸ ಕಳೆದುಕೊಂಡು ಬಂದ ತಂದೆಯ ಮುಖವನ್ನು, ಅವನ ಕೈ ಹಿಡಿದಿದ್ದ ಮಗುವಿನ ಮುಖವನ್ನು ಓದುವ ಉಪಕರಣ ಯಾರ ಬಳಿಯೂ ಇರಲಿಲ್ಲ.

ನೆರೆಯ ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ 'ನೋರ್ಕಾ' ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಅಲ್ಲಿ ವಲಸೆಯ ಬಗ್ಗೆ 1998ರಿಂದ ಸಮೀಕ್ಷೆಗಳು ನಡೆಯುತ್ತಿವೆ. ಗಂಡಸರು ಕೊಲ್ಲಿಗೆ ಹೋದ ಮನೆಗಳಲ್ಲಿ ಹೆಂಗಸರ ಬದುಕು ಏನಾಯಿತೆಂದು ಲೀಲಾ ಗುಲಾಟಿಯವರು 1993ರಷ್ಟು ಹಿಂದೆಯೇ ಗ್ರಂಥ ಪ್ರಕಟಿಸಿದ್ದರು. ನಮ್ಮ ಕರಾವಳಿಯಿಂದಲೂ ತಲೆಮಾರುಗಳೇ ಹೋಗಿ ಬಂದಿವೆ. ಮರಳಿ ಬಂದ ಮಕ್ಕಳೆಷ್ಟು, ಯಾವ ತರಗತಿಯಲ್ಲಿದ್ದಾರೆ, ಶಾಲೆ ಬಿಟ್ಟವರೆಷ್ಟು ಎಂದು ನಮ್ಮ ಜಿಲ್ಲೆಗಳಲ್ಲೂ ಲೆಕ್ಕ ಹಿಡಿಯಬೇಕೆಂದು ಜನಪ್ರತಿನಿಧಿಗಳನ್ನು ಕೇಳುವ ಕೆಲಸ ನಮ್ಮದು. ಮತ ಕೇಳಲು ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳೋಣ.

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ಮಗು ಕಾಯಲಾರದು. ಇರುವ ಸೌಲಭ್ಯಗಳನ್ನಾದರೂ ತಿಳಿದಿರೋಣ. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ಆರಂಭವಾದಾಗ ಅದಕ್ಕೆ ಮಾದರಿಯಾಗಿದ್ದುದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ 2014ರಲ್ಲಿ ಆರಂಭಿಸಿತು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಯಾವ ದಿನ ಯಾವ ಹೊತ್ತಿಗೆ ಬರುತ್ತಾರೆಂದು ವಿಚಾರಿಸಿಕೊಳ್ಳಿ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಮಕ್ಕಳ ಸಹಾಯವಾಣಿ 1098. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕನ್ನಾಗಿಸಿದೆ, ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ. ಸಂಬಂಧ ತಪ್ಪೀತೆಂಬ ಭಯದಿಂದ ಮಗಳ ನಗುವನ್ನೇ ಕಳೆದುಕೊಳ್ಳಬೇಕಾಗಿಲ್ಲ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಊರಿಗೆ ಮರಳುವ ತೀರ್ಮಾನವಾದರೆ ಅದನ್ನು ಮಕ್ಕಳಿಂದ ಮರೆಮಾಚಬೇಡಿ. ರಜೆಗೆ ಹೋಗುತ್ತಿದ್ದೇವೆಂದು ನಂಬಿಸಿ ಕರೆತಂದು, ಬಳಿಕ ಇನ್ನು ಇಲ್ಲೇ ಎಂದರೆ, ಊರು ಕಳೆದುಕೊಂಡ ಮಗು ಹೆತ್ತವರ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಮೊದಲೇ ತಿಳಿಸಿ, ಕಾರಣ ಹೇಳಿ. ಗೆಳೆಯರಿಗೆ, ಶಿಕ್ಷಕರಿಗೆ ವಿದಾಯ ಹೇಳಲು ಬಿಡಿ. ಪೆಟ್ಟಿಗೆಯಲ್ಲಿ ಮಿಕ್ಸಿಗೆ ಜಾಗವಿದ್ದರೆ ಮಗು ಇಷ್ಟಪಟ್ಟ ಹಳೆಯ ಆಟಿಕೆಗೂ ಜಾಗವಿರಲಿ. ಹೊರಡುವ ಮೊದಲೇ ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ಆರಂಭಿಸಿ. ಅಲ್ಲಿ ಒಂಟಿಯಾಗಿ ಉಳಿದ ತಂದೆಯು ಫೋನಿನಲ್ಲಿ ಅಂಕ ಕೇಳುವ ಮೊದಲು 'ಇಂದು ಯಾರ ಜೊತೆ ಆಡಿದೆ?' ಎಂದು ಕೇಳಲಿ. ಅವರಿಗೂ ದುಃಖವಿದೆ. ನಾಲ್ವರು ಮಲಗುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಗುವಿನ ವಿಡಿಯೋ ನೋಡುವ ಮನುಷ್ಯನ ಸಂಕಟ ಸಣ್ಣದಲ್ಲ. 'ನನಗೂ ನಿಮ್ಮ ನೆನಪಾಗುತ್ತದೆ' ಎಂದು ತಂದೆ ಬಾಯ್ಬಿಟ್ಟು ಹೇಳಿದರೆ ಅವರ ಗೌರವ ಕುಗ್ಗುವುದಿಲ್ಲ. ಅಳುವುದು ತಪ್ಪಲ್ಲವೆಂದು ಮಗನಿಗೆ ಅದರಿಂದ ತಿಳಿಯುತ್ತದೆ.

ನಿದ್ದೆ, ಊಟ, ಆಟ, ಓದು ಇವುಗಳಲ್ಲಿ ಎರಡು ವಾರ ಮೀರಿದ ಬದಲಾವಣೆ ಕಂಡರೆ, ಮಗು ಶಾಲೆಗೆ ಹೋಗಲು ಪದೇ ಪದೇ ಹಿಂಜರಿದರೆ, ಎಲ್ಲರಿಂದ ದೂರ ಸರಿದರೆ ವೈದ್ಯರನ್ನು ಕಾಣಿ. 'ನಾನು ಇರಬಾರದಿತ್ತು' ಎಂಬ ಮಾತು ಬಂದರೆ ಅದನ್ನು ನಾಟಕವೆಂದು ಬಗೆಯದಿರಿ. ಹರಾಮ್ ಎಂದು ಬಾಯಿ ಮುಚ್ಚಿಸದಿರಿ. ಪಕ್ಕದಲ್ಲಿ ಕುಳಿತು ಕೇಳಿ, ಒಂಟಿಯಾಗಿ ಬಿಡದಿರಿ, ಅಂದೇ ನೆರವು ಪಡೆಯಿರಿ.

ನಮ್ಮ ಜಮಾಅತ್ ಕಮಿಟಿಗಳಿಗೂ ಇದರಲ್ಲಿ ಪಾಲಿದೆ. ನಮ್ಮ ಎಷ್ಟೋ ಮಸೀದಿಗಳ ಟೈಲ್ಸಿನಲ್ಲಿ, ಮದ್ರಸಗಳ ಮಾಡಿನಲ್ಲಿ ಕೊಲ್ಲಿಯ ಬೆವರಿದೆ. ಆ ಬೆವರು ಸುರಿಸಿದವರ ಮಕ್ಕಳು ಇಂದು ಅದೇ ಮದ್ರಸದ ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕುಳಿತಿದ್ದರೆ ಉಸ್ತಾದರ ಕಣ್ಣಿಗೆ ಬೀಳಬೇಕು. ಮರಳಿ ಬಂದ ಪ್ರತಿ ಕುಟುಂಬಕ್ಕೂ ಮೊಹಲ್ಲಾದ ಒಂದು ಕುಟುಂಬವನ್ನು ಜೊತೆಗಾರರನ್ನಾಗಿ ಗೊತ್ತುಪಡಿಸಲು ಹಣ ಬೇಕಾಗಿಲ್ಲ, ಮನಸ್ಸು ಬೇಕು. ಅದೇ ಹರೆಯದ ಒಬ್ಬ ಹುಡುಗ ಶಾಲೆಗೆ ಜೊತೆಯಾಗಿ ನಡೆದರೆ ಸಾಕು, ಹೊಸಬನ ಅರ್ಧ ಭಯ ಕಳೆಯುತ್ತದೆ. ವಾರಕ್ಕೆರಡು ಸಂಜೆ ಕನ್ನಡ ಕಲಿಸುವ ತರಗತಿಯನ್ನು ಮಸೀದಿಯ ಸಭಾಂಗಣದಲ್ಲೇ ನಡೆಸಬಹುದು. ಮನಃಶಾಸ್ತ್ರ ಓದಿದ ಹೆಣ್ಮಕ್ಕಳು ಸಮುದಾಯದಲ್ಲಿದ್ದಾರೆ. ಮದುವೆ, ಮನೆ, ಶಿಕ್ಷಣಗಳಿಗೆ ತೆಗೆದಿಡುವ ನಿಧಿಯಿಂದ ಸಣ್ಣ ಪಾಲನ್ನು ತೆಗೆದು ಅವರ ಸೇವೆ ಪಡೆದರೆ, ಅಡುಗೆಮನೆಯಲ್ಲಿ ಅಳುವ ತಾಯಿಗೆ ಹೇಳಿಕೊಳ್ಳಲು ಒಂದು ಬಾಗಿಲು ತೆರೆಯುತ್ತದೆ. ಇಫ್ತಾರ್ ಕೂಟ, ಕ್ರಿಕೆಟ್ ಪಂದ್ಯಗಳನ್ನು ಅಚ್ಚುಕಟ್ಟಾಗಿ ನಡೆಸುವ ಕೊಲ್ಲಿಯ ನಮ್ಮ ಸಂಘಟನೆಗಳು, ಎಕ್ಸಿಟ್‌ಗೆ ಸಿದ್ಧವಾಗುತ್ತಿರುವ ಕುಟುಂಬಗಳೊಂದಿಗೆ ಒಂದು ಸಂಜೆ ಕುಳಿತು ಮಾತನಾಡುವ ಏರ್ಪಾಡನ್ನೂ ಮಾಡಬಹುದಲ್ಲವೇ? ಖತೀಬರು ವರ್ಷದಲ್ಲಿ ಒಂದು ಜುಮಾ ಖುತ್ಬಾವನ್ನಾದರೂ ಮನಸ್ಸಿನ ಕಾಯಿಲೆಗೆ ಮೀಸಲಿಟ್ಟು, ಇದು ಅವಮಾನವಲ್ಲ, ಚಿಕಿತ್ಸೆ ಪಡೆಯಿರಿ ಎಂದು ಹೇಳಿದರೆ, ನಾವು ಬರೆಯುವ ಹತ್ತು ಸಂಪಾದಕೀಯಗಳಿಗಿಂತ ಅದರ ಪರಿಣಾಮ ಹೆಚ್ಚು.

ಹಿಜ್‌ರತ್‌ನ ಕುರಿತು ಪ್ರತಿ ಮುಹರ್ರಮ್‌ನಲ್ಲಿ ನಾವು ಭಾಷಣ ಕೇಳುತ್ತೇವೆ. ಅನ್ಸಾರ್‌ಗಳ ಔದಾರ್ಯವನ್ನು ಕೇಳಿ ಕಣ್ಣೀರಿಡುತ್ತೇವೆ. ಆದರೆ ಮದೀನಾ ಮದೀನಾ ಆದದ್ದು ಬರುವವರಿಗೆ ಬಾಗಿಲು ತೆರೆದದ್ದರಿಂದ. ಇಂದು ನಮ್ಮ ಓಣಿಗೆ ಕಾರ್ಗೋ ಪೆಟ್ಟಿಗೆಗಳೊಂದಿಗೆ ಟ್ಯಾಕ್ಸಿಯೊಂದು ಬಂದು ನಿಂತಾಗ ನಾವು ಪೆಟ್ಟಿಗೆಗಳನ್ನು ಎಣಿಸುತ್ತೇವೆ. ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತ ಮಗುವನ್ನು ಇನ್ನು ಮುಂದೆ ನಾವು ಮೊದಲು ನೋಡೋಣ. ಅದರ ಹೆಸರನ್ನು ಕೇಳೋಣ. ಬಿಟ್ಟು ಬಂದ ಊರು ಹೇಗಿತ್ತೆಂದು ಕೇಳೋಣ. ಅದು ಹೇಳತೊಡಗಿದರೆ, ಮುಗಿಯುವವರೆಗೂ ಕುಳಿತು ಕೇಳೋಣ.